ಗವರ್ನರ ಚಿತ್ರದಲ್ಲಿದ್ದ ಕೈ

ನಮ್ಮ ಯಜಮಾನರು ಪಿಳ್ಳಪ್ಪನವರು ಹಲಸೂರಿನಲ್ಲಿ ಮುನಿಶಾಮಿಯವರ ಚಿತ್ರದ ಅಂಗಡಿಯಲ್ಲಿ ಕಟ್ಟು ಹಾಕುವ ಕೆಲಸಕ್ಕಿದ್ದರು. ಮರ ಕೊಯ್ಯುವುದು, ಕ್ಯಾನ್ವಾಸ್ ಬಟ್ಟೆ ಎಳೆದು ಮೊಳೆ ಹೊಡೆಯುವುದು. ಒಮ್ಮೆ ಸುತ್ತಿಗೆ ತಪ್ಪಿ ಎಡಗೈ ಕಿರುಬೆರಳಿನ ಮೇಲೆ ಬಿತ್ತು. ಬೆರಳು ಡೊಂಕಾಗಿಯೇ ಕೂಡಿಕೊಂಡಿತು.

ತೊಂಬತ್ತನಾಲ್ಕರಲ್ಲಿ ದಂಡಿನ ಕಡೆಯ, ಅಂದರೆ ಕಂಟೋನ್ಮೆಂಟಿನ, ಒಂದು ಹಳೇ ಸಭಾಂಗಣದವರು ದೊಡ್ಡ ಕೆಲಸ ಕೊಟ್ಟರು. ಬಿಳಿ ದೊರೆಗಳ ಕಾಲದಿಂದ ಬಂದ ಗವರ್ನರುಗಳ ಚಿತ್ರಗಳು ಅಲ್ಲಿ ಗೋಡೆಯ ತೇವಕ್ಕೆ ಹಾಳಾಗಿದ್ದವು. ಎಲ್ಲವನ್ನೂ ಹೊಸದಾಗಿ ಬರೆಯಬೇಕು, ಆದರೆ ಕೊಟ್ಟದ್ದು ಮುಖದ ಫೋಟೋ ಮಾತ್ರ. ಮೈ ಎಲ್ಲಿಂದ ತರುವುದು? ಮುನಿಶಾಮಿಯವರು ಶಿವಾಜಿನಗರದ ಖುರ್ಷೀದ್ ಸಾಹೇಬರ ಮದುವೆ ಬ್ಯಾಂಡಿನ ಕೋಟು ತಂದು, ನಮ್ಮವರಿಗೆ ತೊಡಿಸಿ, ಕುರ್ಚಿಯಲ್ಲಿ ಕೂರಿಸಿದರು.

ಊಟ ಕೊಡಲು ಹೋದ ನಾನು ನಗು ತಡೆಯಲಾರದೆ ಬಾಗಿಲಲ್ಲೇ ನಿಂತೆ.

"ಅಲ್ಲಾಡ್ಬೇಡ್ವೋ ಪಿಳ್ಳಪ್ಪ, ನೀನೀಗ ಲಾಟ್ ಸಾಹೇಬ!" ಎಂದರು ಮುನಿಶಾಮಿ.

"ಸಾಹೇಬ್ರಿಗೆ ಹೊಟ್ಟೆ ಹಸೀತದೆ ಅಣ್ಣ. ಅಂಜಿನಿ ಮುದ್ದೆ ತಂದವ್ಳೆ."

ದೊರೆಗಳ ಕೈಗೆಲ್ಲ ಬಿಳಿ ಗವಸು. ಕೊನೆಯದು ನಮ್ಮ ದೇಶದವರೇ ಆದ ಗವರ್ನರದು, ಅವರದು ಬರಿಗೈ. ಬರೆದು ಮುಗಿಸಿದ ಮೇಲೆ ಮುನಿಶಾಮಿಯವರು ಹಣೆ ಚಚ್ಚಿಕೊಂಡರು. "ಅಯ್ಯೋ, ನಿನ್ ಡೊಂಕು ಬೆರಳೂ ಬರ್ದ್ಬಿಟ್ನಲ್ಲೋ!"

"ಇರ್ಲಿ ಬಿಡಣ್ಣ, ಗವರ್ನರ್ ಕೈ ಯಾರು ನೋಡ್ತಾರೆ?"

ಎರಡು ಸಾವಿರದ ಐದರಲ್ಲಿ ಯಜಮಾನರು ಹೋದರು. ಪ್ರಾಣ ಹೋಗುವಾಗ ನಾನು ಹಿಡಿದುಕೊಂಡಿದ್ದದ್ದು ಆ ಬೆರಳನ್ನೇ. ಮನೆಯಲ್ಲಿ ಉಳಿದದ್ದು ವೋಟಿನ ಕಾರ್ಡಿನ ಫೋಟೋ. ಅದರಲ್ಲಿ ಮುಖವೆಂದರೆ ಒಂದು ಮಸಿ ಕಲೆ. ಆ ಕೈಯನ್ನಾದರೂ ಇನ್ನೊಮ್ಮೆ ನೋಡಬೇಕೆಂದು ಸಭಾಂಗಣಕ್ಕೆ ಹೋದೆ. ಕಾವಲಿನ ನಿಂಗಣ್ಣ ಗೇಟಿನಲ್ಲೇ ತಡೆದ.

"ರಿಪೇರಿ ನಡೀತಾ ಐತೆ ಅಮ್ಮಾ. ಮುಂದಿನ ತಿಂಗ್ಳು ಬನ್ನಿ."

ಹೀಗೆ ಎಷ್ಟೋ ಸಲ ಹೋಗಿ ಬಂದೆ. ಎರಡು ವರ್ಷವಾದ ಮೇಲೆ ಒಂದು ದಿನ ಅವನೇ ಬಾಗಿಲು ತೆಗೆದ.

ಗೋಡೆಗೆ ಹೊಸ ಸುಣ್ಣ, ಚಿತ್ರಗಳಿಗೆ ಹೊಸ ಕಟ್ಟು. ಎಲ್ಲವೂ ಒಂದೇ ಅಳತೆ. ಕೊನೆಯದರ ಮುಂದೆ ನಿಂತೆ. ಮುಖ, ಕೊರಳು, ಕೋಟಿನ ಮೊದಲ ಗುಂಡಿ. ಕೆಳಗೆ ಕಟ್ಟಿನ ಮರ. ನಮ್ಮವರು ಕೂತಿದ್ದ ಭಾಗವಷ್ಟೂ ಇರಲಿಲ್ಲ.

"ಒಂದೇ ಸೈಜ್ ಇರ್ಲಿ ಅಂತ ಕೆಳಗಡೆ ಕುಯ್ಸಿದ್ರಮ್ಮ," ಎಂದ ನಿಂಗಣ್ಣ.

"ಕುಯ್ದಿದ್ದು ಎಲ್ಲೋಯ್ತಪ್ಪ?"

ಅವನು ಗೇಟಿನ ಹತ್ತಿರದ ತನ್ನ ಗೂಡಿಗೆ ಕರೆದುಕೊಂಡು ಹೋದ. ಗಾಜಿಲ್ಲದ ಕಿಟಕಿಗೆ ಆ ಕೊಯ್ದ ಬಟ್ಟೆ ಇಟ್ಟು ಮೊಳೆ ಬಡಿದಿದ್ದ, ಬಣ್ಣದ ಮಗ್ಗುಲು ಹೊರಗೆ. ಬ್ಯಾಂಡಿನ ಕೋಟಿನ ಹಿತ್ತಾಳೆ ಗುಂಡಿಗಳು ಗುರುತು ಸಿಕ್ಕವು. ಕುರ್ಚಿಯ ತೋಳೂ ಅರ್ಧ ಇತ್ತು. ಅದರ ಮೇಲೆ ಕೈ ಇರಬೇಕು. ಅಲ್ಲಿ ಬಿಸಿಲು ಮಳೆಗೆ ಬಣ್ಣ ಉದುರಿ ಬರೀ ಬಟ್ಟೆ ಕಾಣುತ್ತಿತ್ತು. ಬೆರಳಿನಿಂದ ಮುಟ್ಟಿ ನೋಡಿದೆ. ಇನ್ನಷ್ಟು ಪುಡಿ ಉದುರಿತು. ಕೈ ತೆಗೆದುಬಿಟ್ಟೆ.

"ಬೇಕಾದ್ರೆ ಬಿಚ್ಕೊಡ್ತೀನಿ ತಗೊಂಡೋಗಮ್ಮ," ಎಂದ ಅವನು.

ಆಕಾಶ ಕಪ್ಪಿಟ್ಟಿತ್ತು.

"ಬೇಡಪ್ಪ," ಎಂದೆ. "ಮಳೆ ಇರಚಲು ಹೊಡೀತದೆ ನಿಂಗೆ."