ಮುನಿಯಮ್ಮನ ಬಾವಿಯ ಬಿಸಿನೀರು

ದೆವ್ವ, ಗಾಳಿ, ಶಕುನಗಳ ಕತೆ ಹೇಳುವವರ ಮುಂದೆ ನಾನು ಸುಮ್ಮನೆ ಕುಳಿತಿರುತ್ತಿದ್ದೆ. ವಾದಿಸುತ್ತಿರಲಿಲ್ಲ, ನಂಬುತ್ತಲೂ ಇರಲಿಲ್ಲ. ಅಳತೆಗೆ ಸಿಗದ್ದನ್ನು ಜನ ಬಣ್ಣ ಹಚ್ಚಿ ಹೇಳುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಈಗ ಹೇಳಹೊರಟಿರುವ ಸಂಗತಿಯ ತೊಡಕೆಂದರೆ, ಅದನ್ನು ಅಳೆದವಳು ನಾನೇ.

ತೊಂಬತ್ತರ ದಶಕದ ಕೊನೆ. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತ, ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮುನಿಯಮ್ಮ ಎಂಬವರ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರು ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿ ಸಂಸಾರ ನಿಲ್ಲಿಸಿದವರು. ಹಿತ್ತಿಲಲ್ಲಿ ಒಂದು ಬಾವಿ. ತೀರಿಹೋದ ಗಂಡ ತಾನೇ ಇಳಿದು ತೋಡಿದ್ದು. ನಲ್ಲಿ ಬಂದ ಮೇಲೆ ಅದರ ಬಳಕೆ ನಿಂತಿತ್ತು. ಅದನ್ನು ಮುಚ್ಚಿ ತನ್ನ ಅಂಗಡಿಯ ತರಕಾರಿ ಇಡಲು ಗೋದಾಮು ಕಟ್ಟಬೇಕೆಂದು ಮಗ ಮುನಿರಾಜು ತೀರ್ಮಾನಿಸಿದ್ದ. ದೀಪಾವಳಿ ಮುಗಿದೊಡನೆ ಕಲ್ಲು ಮಣ್ಣಿನ ಲಾರಿ ಬರುವುದಿತ್ತು. ಮುನಿಯಮ್ಮನಿಗೆ ಮಾತ್ರ ಸುತರಾಂ ಒಪ್ಪಿಗೆ ಇರಲಿಲ್ಲ.

ನನಗೂ ಆ ಬಾವಿ ಬೇಕಾಗಿತ್ತು. ನೆಲದೊಳಗೆ ಇಳಿದಂತೆ ಕಾವು ಹೇಗೆ ಬದಲಾಗುತ್ತದೆ ಎಂಬುದು ನನ್ನ ಅಧ್ಯಯನದ ವಿಷಯ. ನನ್ನ ಉಪಕರಣ ಸರಳವಾದದ್ದು. ಥರ್ಮಾಮೀಟರಿನ ಬುಡಕ್ಕೆ ದಪ್ಪನಾಗಿ ಮೇಣ ಮೆತ್ತಿ, ಕಲ್ಲು ಹಾಕಿದ ಡಬ್ಬಿಯಲ್ಲಿಟ್ಟು, ಹಗ್ಗದಲ್ಲಿ ಇಳಿಸುವುದು. ಮೇಣವಿದ್ದರೆ ಪಾದರಸ ನಿಧಾನವಾಗಿ ಏರಿಳಿಯುತ್ತದೆ; ಮೇಲೆಳೆಯುವಷ್ಟರಲ್ಲಿ ಹೊರಗಿನ ಗಾಳಿಗೆ ಅಳತೆ ಕೆಡುವುದಿಲ್ಲ.

“ಅದೇನವ್ವಾ, ದಿನಾ ಬಾವಿಗೆ ಜ್ವರ ನೋಡ್ತೀಯಾ?” ಎಂದು ಮುನಿಯಮ್ಮ ನಗುತ್ತಿದ್ದರು.

ಒಂದು ಸಂಜೆ ಕರೆಂಟು ಹೋಗಿ ನಾವಿಬ್ಬರೂ ಬಾವಿಕಟ್ಟೆಯ ಮೇಲೆ ಕುಳಿತಿದ್ದಾಗ ವಿವರಿಸಿದೆ. ಭೂಮಿಯ ಒಡಲು ಬಿಸಿಯಾಗಿದೆ. ಕೆಲವು ಕಡೆ ಆ ಬಿಸಿ ಮೇಲಕ್ಕೆ ಹತ್ತಿರವಿರುತ್ತದೆ. ಅಲ್ಲಿ ಕೊರೆದು, ಬರುವ ಹಬೆಯಿಂದ ಯಂತ್ರ ತಿರುಗಿಸಿ ವಿದ್ಯುತ್ ಮಾಡುತ್ತಾರೆ. ಕಲ್ಲಿದ್ದಲು ಬೇಡ, ಡೀಸೆಲ್ ಬೇಡ, ಅಣೆಕಟ್ಟೆ ತುಂಬಲೆಂದು ಮಳೆಯ ದಾರಿ ಕಾಯುವುದೂ ಬೇಡ. ಸರಿಯಾಗಿ ನೋಡಿಕೊಂಡರೆ ತಲೆಮಾರುಗಟ್ಟಲೆ ತೀರುವುದಿಲ್ಲ. ಇದರಲ್ಲಿ ನನಗೆ ಆಗಲೂ ಪೂರ್ಣ ನಂಬಿಕೆ, ಈಗಲೂ.

ಮುನಿಯಮ್ಮ ಬಾವಿಯೊಳಗೆ ಬಗ್ಗಿ ನೋಡಿದರು. “ಹಂಗಾದ್ರೆ ನಮ್ ಬಾವೀಲೂ ಬಿಸಿ ಐತೆ, ಕರೆಂಟು ಬತ್ತದೆ ಅಂತ ಮುನಿರಾಜಂಗೆ ಹೇಳ್ಬಿಡು. ನಿನ್ ಮಾತಾದ್ರೆ ಕೇಳ್ತಾನೆ.”

“ಆಗಲ್ಲಮ್ಮ. ಇಲ್ಲಿನ ಬಂಡೆ ತುಂಬಾ ಹಳೇದು, ತಣ್ಣಗಿದೆ. ಬಿಸಿನೀರು ಸಿಗಲ್ಲ.”

“ಒಂದ್ ಸುಳ್ಳು ಹೇಳಕ್ಕೂ ಲಾಯಕ್ಕಿಲ್ಲ ನೀನು. ಅದೇನ್ ಓದ್ತೀಯೋ!”

ದೀಪಾವಳಿಯ ನೀರು ತುಂಬುವ ಹಬ್ಬ ಬಂತು. ಮರುದಿನ ಮುಂಜಾನೆಯ ಎಣ್ಣೆಸ್ನಾನಕ್ಕೆ ಹಿಂದಿನ ಸಂಜೆಯೇ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತಿ, ಹೊಸನೀರು ತುಂಬಿ ಪೂಜೆ ಮಾಡುತ್ತಾರಲ್ಲ, ಅದಕ್ಕೆ ಈ ಸಲ ಬಾವಿಯ ನೀರೇ ಆಗಬೇಕೆಂದು ಮುನಿಯಮ್ಮ ಹಟ ಹಿಡಿದಿದ್ದರು. ಕೊಡ ಇಳಿಸಿದರೆ ನೀರು ಕಲಕುತ್ತದೆ, ಮೊದಲು ನನ್ನ ಅಳತೆ ಮುಗಿಸುತ್ತೇನೆ ಎಂದೆ. ಇನ್ನೂ ಬೆಳಕಿತ್ತು. ಬಚ್ಚಲೊಲೆ ಹಚ್ಚಿರಲಿಲ್ಲ. ಮಧ್ಯಾಹ್ನದಿಂದ ನಾನು ಹಿತ್ತಿಲಲ್ಲೇ ಓದುತ್ತ ಕುಳಿತಿದ್ದೆ. ಬಾವಿಯ ಬಳಿ ಯಾರೂ ಸುಳಿದಿರಲಿಲ್ಲ.

ಡಬ್ಬಿ ಇಳಿಸಿ, ಕಾದು, ಮೇಲೆಳೆದೆ. ಹಗ್ಗದ ತುದಿಯ ಭಾಗ ಅಂಗೈಗೆ ಬೆಚ್ಚಗೆ ತಗುಲಿತು. ಡಬ್ಬಿಯ ನೀರಿನಿಂದ ಹಬೆ ಏಳುತ್ತಿತ್ತು. ಥರ್ಮಾಮೀಟರು ಎಪ್ಪತ್ತು ಡಿಗ್ರಿ ತೋರಿಸುತ್ತಿತ್ತು; ಅದರ ಬುಡ ಬೋಳಾಗಿತ್ತು. ಮೇಣವೆಲ್ಲ ಕರಗಿ ನೀರಿನ ಮೇಲೆ ತೇಲುತ್ತಿತ್ತು.

ಮುನಿಯಮ್ಮ ನೀರಿಗೆ ಬೆರಳದ್ದಿ ಸರಕ್ಕನೆ ಹಿಂದೆಗೆದರು. “ಅಯ್ಯೋ, ಸುಡ್ತದೆ ಕಣೇ!”

ತಡಮಾಡದೆ ಇನ್ನೊಂದು ಡಬ್ಬಿಯಲ್ಲಿ ಇನ್ನೊಂದು ಥರ್ಮಾಮೀಟರನ್ನು ಅದೇ ಆಳಕ್ಕೆ ಇಳಿಸಿದೆ. ಎಂದಿನ ತಂಪು. ಮತ್ತೆ ಇಳಿಸಿದೆ. ಅದೇ ತಂಪು. ಅಷ್ಟು ನೀರು ಕಾಯಬೇಕಾದರೂ ಆರಬೇಕಾದರೂ ದೀರ್ಘ ಸಮಯ ಬೇಕು. ನಾನು ಕಲಿತ ಯಾವ ನಿಯಮದಲ್ಲೂ ಅದು ಹೀಗೆ ಬಂದು ಹೀಗೆ ಹೋಗುವುದಿಲ್ಲ.

ಅಷ್ಟರಲ್ಲಿ ಅಂಗಡಿಯಿಂದ ಬಂದ ಮುನಿರಾಜು ಮೊದಲ ಡಬ್ಬಿಯನ್ನು ನೋಡಿದ. ನೀರು ಆರುತ್ತ ಬಂದು ಮೇಣ ಬಿಳಿಯ ಕೆನೆಯಂತೆ ಕಟ್ಟಿತ್ತು. “ಏನ್ ಮೇಡಂ, ಕ್ಯಾಂಡಲ್ ಹಚ್ಚಿ ಬಾವಿಗೆ ಬಿಟ್ರಾ?” ಎಂದು ನಕ್ಕವನು ತಾಯಿಯ ಮುಖ ನೋಡಿ, ಇನ್ನೂ ಬೆಚ್ಚಗಿದ್ದ ಡಬ್ಬಿಯನ್ನು ಮುಟ್ಟಿದ. “ನಿಜ ಹೇಳಿ, ಬಿಸಿ ಇತ್ತಾ?”

“ಒಂದು ಸಲ ಇತ್ತು. ಆಮೇಲೆ ಇಲ್ಲ. ಯಾಕೆ ಅಂತ ಗೊತ್ತಿಲ್ಲ. ಇನ್ನೊಂದು ತಿಂಗಳು ಬಾವಿ ಹಾಗೇ ಬಿಡಿ, ನೋಡ್ತೀನಿ.”

ಅವನು ಬಹುಶಃ ಒಪ್ಪುತ್ತಿದ್ದ. “ಅಮ್ಮಂಗೂ ಅದೇ ತಾನೇ ಬೇಕಾಗಿದ್ದು,” ಎಂದ. ಆದರೆ ಮುನಿಯಮ್ಮ ಕಟ್ಟೆಯಿಂದ ದೂರ ಸರಿದು, ಕೈ ಸೆರಗಿಗೆ ಒರೆಸುತ್ತ ನಿಂತಿದ್ದರು.

“ಬ್ಯಾಡ. ಮುಚ್ಚಿಸ್ಬಿಡಪ್ಪಾ.”

“ಅಮ್ಮ, ನೀವೇ ಅಲ್ವಾ ಬಿಸಿ ಇದೆ ಅಂತ ಹೇಳು ಅಂದಿದ್ದು?” ಎಂದೆ.

“ಸುಳ್ಳು ಹೇಳು ಅಂದಿದ್ದು ನಿಂಗೆ ಕಣವ್ವಾ. ಬಾವಿಗಲ್ಲ.”

ಆ ಸಂಜೆ ಹಂಡೆಗೆ ನಲ್ಲಿಯ ನೀರನ್ನೇ ತುಂಬಿದರು. ಹಬ್ಬದ ಮೂರು ದಿನವೂ ಬಿಡುವಾದಾಗಲೆಲ್ಲ ಅಳೆದೆ. ನೀರು ತಣ್ಣಗೇ ಇತ್ತು. ಮುನಿಯಮ್ಮನನ್ನು ಬೇಡಿಕೊಂಡೆ. ಯಾರ ಬಳಿಯೂ ಏನನ್ನೂ ಬೇಡುವ ಅಭ್ಯಾಸ ನನಗಿರಲಿಲ್ಲ. ಅವರು ಕೋಪಿಸಿಕೊಳ್ಳಲಿಲ್ಲ, ಹೋಳಿಗೆ ತಂದುಕೊಟ್ಟರು, ಆದರೆ ಮನಸ್ಸು ಬದಲಿಸಲಿಲ್ಲ. ಲಾರಿ ಬಂತು. ಮೊದಲ ಬುಟ್ಟಿ ಕಲ್ಲನ್ನು ಅವರೇ ನಿಂತು ಹಾಕಿಸಿದರು. ಆಮೇಲೆ ಒಳಗೆ ಹೋಗಿ, ಮುಗಿಯುವವರೆಗೂ ಹೊರಬರಲಿಲ್ಲ.

ನನ್ನ ಪ್ರಬಂಧದಲ್ಲಿ ಆ ಅಳತೆಯನ್ನೂ ಸೇರಿಸಿದೆ. ಉಪಕರಣದ ದೋಷವೆಂದು ಬರೆದುಬಿಡು ಎಂದು ನನ್ನ ಮಾರ್ಗದರ್ಶಕರು ಸೂಚಿಸಿದರು. ದೋಷ ಕಾಣಿಸಿದ್ದರೆ ಹಾಗೇ ಬರೆಯುತ್ತಿದ್ದೆ, ಕಾಣಿಸಲಿಲ್ಲ. ಬೆಂಗಳೂರಿನ ನೆಲದಡಿ ಹಬೆಯಿಲ್ಲ, ಇಲ್ಲಿ ಕೊರೆದು ವಿದ್ಯುತ್ ತೆಗೆಯಲಾಗದು ಎಂದು ಇವತ್ತೂ ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಆ ಡಬ್ಬಿಯಲ್ಲಿ ಬಂದ ನೀರು ಸುಡುತ್ತಿತ್ತು ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ. ಅದನ್ನು ಕಾಯಿಸಿದ್ದು ಏನು ಎಂದು ಕೇಳಿದರೆ ಮಾತ್ರ ನನಗೆ ಗೊತ್ತಿಲ್ಲ. ಇನ್ನೊಮ್ಮೆ ಹಗ್ಗ ಇಳಿಸಿ ನೋಡೋಣವೆಂದರೆ ಅಲ್ಲೀಗ ಈರುಳ್ಳಿ ಮೂಟೆಗಳಿವೆ.