ನೀರಿನೊಳಗೆ ಉಸಿರು ಹಿಡಿಯಬಾರದು

ಒಳಬರುವ ಉಸಿರಾಗಿಯೂ ಹೊರಹೋಗುವ ಉಸಿರಾಗಿಯೂ ಈ ಮುದಿದೇಹದಲ್ಲಿ ಇನ್ನೂ ಓಡಾಡಿಕೊಂಡಿರುವ ಮುಖ್ಯಪ್ರಾಣದೇವರಿಗೆ ಮೊದಲ ನಮಸ್ಕಾರ. ಕೇಳದೆಯೇ ಕೊಟ್ಟದ್ದಕ್ಕೆ, ಕ್ಷಣಕ್ಷಣವೂ ಮತ್ತೆ ಕೊಡುತ್ತಿರುವುದಕ್ಕೆ ಕೃತಜ್ಞನಾಗಿದ್ದೇನೆ. ಅವನನ್ನು ನೆನೆಯದೆ ಈ ಬರಹವನ್ನು ಆರಂಭಿಸಲಾರೆ.

ಧಾರವಾಡದಿಂದ ಬಂದು ಪುಣೆಯ ಕೋಥರೂಡದಲ್ಲಿ ನೆಲೆಸಿದ ನಮ್ಮ ಮನೆಯಲ್ಲಿ ಸಮುದ್ರದ ಮಾತು ಶುರುವಾದದ್ದು ಮೊಮ್ಮಗಳಿಂದ. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಅವಳು, ಕೊಂಕಣದ ಕಡಲಿನಡಿಯ ಬಂಡೆಗಳಿಗೆ ಸಿಕ್ಕಿಕೊಂಡ ಹರಕು ಬಲೆಗಳನ್ನು ತೆಗೆಯುವ ಸ್ವಯಂಸೇವಕರ ತಂಡವನ್ನು ಸೇರಿದ್ದಳು. ಮೀನುಗಾರರ ಕೈತಪ್ಪಿ ಮುಳುಗಿದ ಬಲೆ ಬಿದ್ದಲ್ಲೇ ಬೇಟೆಯಾಡುತ್ತದಂತೆ. ಅದರಲ್ಲಿ ಸಿಕ್ಕಿದ ಆಮೆಗಳು ಮೇಲೆ ಬರಲಾಗದೆ ಉಸಿರುಗಟ್ಟಿ ಸಾಯುತ್ತವಂತೆ.

ಒಂದು ಸಂಜೆ ತನ್ನ ಚೀಲ ತೆರೆದು ಸಾಮಾನುಗಳನ್ನೆಲ್ಲ ನಡುಮನೆಯ ಚಾಪೆಯ ಮೇಲೆ ಹರಡಿದಳು. ಒಂದೊಂದನ್ನೂ ಎತ್ತಿ ಇದೇಕೆಂದು ಕೇಳಿದೆ. ಕೇಳಬಾರದಿತ್ತು. ಮೊಂಡು ತುದಿಯ ಚಾಕು, ಬಲೆ ತನ್ನ ಕಾಲಿಗೇ ಸುತ್ತಿಕೊಂಡರೆ ಕೊಯ್ದುಕೊಳ್ಳಲು. ಗಾಳಿ ತುಂಬಿದರೆ ನೆಟ್ಟಗೆ ನಿಲ್ಲುವ ಕಿತ್ತಳೆ ಬಣ್ಣದ ಕೊಳವೆ, ದೂರ ತೇಲಿಹೋದರೆ ದೋಣಿಯವರ ಕಣ್ಣಿಗೆ ಬೀಳಲು. ಸೀಟಿ, ಕಣ್ಣಿಗೆ ಬೀಳದಿದ್ದರೆ ಕಿವಿಗಾದರೂ ಬೀಳಲು. ಅವಳಿಗೆ ಬರಬಹುದಾದ ಕೇಡುಗಳೆಲ್ಲ ಆ ಚಾಪೆಯ ಮೇಲೆ ಸಾಲಾಗಿ ಮಲಗಿದಂತೆ ಕಂಡವು.

“ಸಮುದ್ರ ಇಲ್ಲದ ಊರಾಗ ಹುಟ್ಟಿದಾಕಿಗೆ ಇದೆಂಥಾ ಹುಚ್ಚವ್ವಾ? ಬಲಿ ಒಗದವರೇ ತಗೀಲಿ” ಎಂದಳು ನನ್ನ ಹೆಂಡತಿ.

“ಅಜ್ಜೀ, ಈ ಸೀಟಿ ನಿಮಗ ಕೊಟ್ಟು ಹೋಗ್ಲೇನು? ಅಜ್ಜನ್ನ ಊಟಕ್ಕ ಕರೀಲಿಕ್ಕೆ ಆಗ್ತದ.”

“ಪೂಜಿಗೆ ಕೂತ್ರಂದ್ರ ಅವರಿಗೆ ಸೀಟಿನೂ ಕೇಳ್ಸೂದಿಲ್ಲ ಬಿಡು.”

ಇಬ್ಬರೂ ನಕ್ಕರು. ನನಗಿದ್ದ ಧೈರ್ಯವೆಂದರೆ ಒಂದೇ. ಸಂಧ್ಯಾವಂದನೆಯ ಹೊತ್ತಿಗೆ ಪಕ್ಕದಲ್ಲಿ ಕುಳಿತು ನನ್ನಿಂದಲೇ ಪ್ರಾಣಾಯಾಮ ಕಲಿತ ಮಗು ಅದು. ಉಸಿರನ್ನು ತುಂಬಿಕೊಂಡು ತಡೆದು ನಿಲ್ಲಿಸುವ ಕುಂಭಕದಲ್ಲಿ ನನ್ನನ್ನೂ ಮೀರಿಸುತ್ತಿತ್ತು. ಹೆದರಿಕೆಯಾದಾಗ ಉಸಿರು ಹಿಡಿದು ದೇವರನ್ನು ನೆನೆಯಬೇಕೆಂದು ಹೇಳಿಕೊಟ್ಟಿದ್ದೆ. ನೀರಿಗಿಳಿಯುವವಳಿಗೆ ಇದಕ್ಕಿಂತ ಬೇರೆ ಕವಚ ಯಾವುದು ಎಂದುಕೊಂಡಿದ್ದೆ.

ಕಡಲಿಗೆ ಹೋಗುವ ಮೊದಲು ನಗರದ ಈಜುಕೊಳವೊಂದರಲ್ಲಿ ಪರೀಕ್ಷೆಯಿತ್ತು. ನಾನೂ ಹೋದೆ. ಬೆನ್ನಿನ ಸಿಲಿಂಡರಿನ ಗಾಳಿ ನಿಂತುಹೋಯಿತೆಂದು ಭಾವಿಸಿ, ಕೊಳದ ತಳದಿಂದ ನಿಧಾನವಾಗಿ ಮೇಲೇರಿ ಬರಬೇಕು. ಮೊಮ್ಮಗಳು ಏರತೊಡಗಿದಳು. ನೀರಿನ ಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ಎಂಥ ಹಿಡಿತ ಎಂದು ನಾನು ಹಿಗ್ಗುತ್ತಿರುವಾಗಲೇ, ಜೊತೆಗಿದ್ದ ಶಿಕ್ಷಕಿ ಅವಳ ಭುಜ ಹಿಡಿದು ನಡುವೆಯೇ ತಡೆದು, ಹೊಟ್ಟೆಯ ಮೇಲೆ ತಟ್ಟಿ ಗಾಳಿ ಬಿಡಿಸಿದರು. ಮೇಲೆ ಬಂದವರೇ, “ಶ್ವಾಸ ರೋಖಾಯಚಾ ನಾಹೀ!” ಎಂದು ಮರಾಠಿಯಲ್ಲಿ ಗದರಿದರು: ಉಸಿರು ಹಿಡಿಯಕೂಡದು.

ಬಳಿಕ ನನ್ನ ಬಳಿ ಬಂದು, “ಆಜೋಬಾ”, ಅಜ್ಜಾ, ಎಂದು ಮೃದುವಾಗಿ ಕರೆದು ವಿವರಿಸಿದರು. ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೇರುತ್ತ ಹಿಗ್ಗುತ್ತದೆ. ಹೊರಬಿಡದೆ ಹಿಡಿದರೆ ಶ್ವಾಸಕೋಶವೇ ಹರಿದೀತು. ಚಾಕು, ಸೀಟಿ ಎಲ್ಲಕ್ಕಿಂತ ಮೊದಲು ಬೇಕಾದದ್ದು ಎಡೆಬಿಡದ ಉಸಿರು. ಈ ರೂಢಿ ಬಿಡದಿದ್ದರೆ ಅವಳನ್ನು ಕಡಲಿಗೆ ಕರೆದೊಯ್ಯಲಾರೆ ಎಂದರು.

ನಾನು ಕೊಳದ ಮೆಟ್ಟಿಲ ಮೇಲೆ ಕುಳಿತೆ. ಅವಳ ಎದೆಯೊಳಗೆ ಆ ಅಪಾಯವನ್ನು ಕೂರಿಸಿದ್ದು ನನ್ನ ಪಾಠವೇ.

“ಒಯ್ಯೂದಿಲ್ಲಂದ್ರ ಛೊಲೊನ ಆತಲ್ರೀ, ಸುಮ್ನಿರ್ರಿ” ಎಂದಳು ಹೆಂಡತಿ, ಮನೆಗೆ ಬಂದು ವಿಷಯ ತಿಳಿಸಿದಾಗ. ಸುಮ್ಮನಿರಲು ನನಗೂ ಮನಸ್ಸಾಗಿತ್ತು. ಆದರೆ ಮೊಮ್ಮಗಳು ಊಟ ಬಿಟ್ಟು ಕುಳಿತಿದ್ದಳು. “ಅಜ್ಜಾ, ಅಂಜಿದ ಕೂಡ್ಲೆ ಉಸಿರು ತಾನ ನಿಂತುಬಿಡ್ತದರಿ, ನಾ ಏನ್ ಮಾಡ್ಲಿ?” ಎಂದಳು.

ಮರುದಿನದಿಂದ ಪಾಠವನ್ನು ತಿರುಗಿಸಿದೆವು. ಕುಂಭಕವಿಲ್ಲ, ಬರೀ ಎಳೆದುಕೊಳ್ಳುವುದು, ಬಿಡುವುದು. ಅವಳು ಕಣ್ಣು ಮುಚ್ಚಿ ಕುಳಿತಿರುವಾಗ ನಾನು ಹಿಂದಿನಿಂದ ಇದ್ದಕ್ಕಿದ್ದಂತೆ ಜಾಗಟೆ ಬಾರಿಸುತ್ತಿದ್ದೆ. ಬೆಚ್ಚಿದ ಕ್ಷಣದಲ್ಲೇ ಅವಳು ಬಾಯಿಂದ ಉಸಿರು ಬಿಡಬೇಕು.

“ಹಿಂಗ ಬಡದ್ರ ಆಕೀದಲ್ಲ, ನನ್ನ ಉಸಿರು ನಿಲ್ತದ!” ಎಂದು ಅಡಿಗೆಮನೆಯಿಂದ ಕೂಗು ಬರುತ್ತಿತ್ತು. ಮೊದಮೊದಲು ಮೊಮ್ಮಗಳ ಎದೆ ಕಲ್ಲಾಗಿ ನಿಲ್ಲುತ್ತಿತ್ತು. ಕ್ರಮೇಣ ಸಡಿಲಾಯಿತು. ಎರಡನೆಯ ಪರೀಕ್ಷೆಯಲ್ಲಿ ಕೊಳದ ಮೇಲೆ ಗುಳ್ಳೆಗಳು ಸಾಲುಗಟ್ಟಿ ಎದ್ದವು. ಶಿಕ್ಷಕಿ ಒಪ್ಪಿದರು. ಒಪ್ಪಿದ್ದರಿಂದ ನನ್ನ ಭಯವೇನೂ ಕಡಿಮೆಯಾಗಲಿಲ್ಲ. ಕೊಳಕ್ಕೆ ತಳ ಕಾಣುತ್ತದೆ, ಕಡಲಿಗೆ ಕಾಣುವುದಿಲ್ಲ.

ಅವಳು ಕಡಲಿಗಿಳಿಯುವ ದಿನ ಬೆಳಗಿನಿಂದ ದೇವರ ಮುಂದೆ ಕುಳಿತೆ. ಜಪಮಣಿ ಸರಿಯುತ್ತಿದ್ದರೂ ಮಂತ್ರ ಎಲ್ಲೋ ತಪ್ಪಿಹೋಗುತ್ತಿತ್ತು. ಹೆಂಡತಿ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಹೊರಗೆ ರಿಕ್ಷಾ ಹಾರ್ನ್ ಮಾಡಿದರೂ ಇಬ್ಬರೂ ಬೆಚ್ಚುತ್ತಿದ್ದೆವು. ಮಧ್ಯಾಹ್ನ ಇಳಿದ ಮೇಲೆ ಕರೆ ಬಂತು.

“ಅಜ್ಜಾ, ಬಲಿ ನನ್ನ ಸಿಲಿಂಡರಿಗೇ ತೊಡರ್ತು. ಉಸಿರು ನಿಂತೇ ಬಿಟ್ಟಿತ್ತರಿ.”

ನಾನು ಮೊಬೈಲನ್ನು ಕಿವಿಗೆ ಒತ್ತಿಕೊಂಡೆ.

“ಜೋಡಿ ಇದ್ದಾಕಿ ನೋಡಿದ್ಲು, ಗುಳ್ಳಿ ಬರವಲ್ವು ಅಂತ. ಕೈ ಹಿಡದು, ಮೇಲೆ ಏರಗೊಡದ, ಕಣ್ಣಾಗ ಕಣ್ಣಿಟ್ಟು ತಾ ಉಸಿರು ಬಿಟ್ಟು ತೋರಿಸಿದ್ಲು. ನಾನೂ ಬಿಟ್ಟೆ. ಆಮ್ಯಾಲೆ ಬಲಿ ಕೊಯ್ದು ಬಿಡಿಸಿದ್ಲು.”

ನನ್ನ ಜಾಗಟೆ ಅಷ್ಟು ಆಳಕ್ಕೆ ಮುಟ್ಟಿರಲಿಲ್ಲ. ಅಲ್ಲಿ ಮುಟ್ಟಿದ್ದು ಇನ್ನೊಬ್ಬ ಹೆಣ್ಣುಮಗಳ ಕೈ. ಒಬ್ಬರನ್ನೇ ಇಳಿಸದೆ ಜೋಡಿಯಾಗಿಯೇ ಇಳಿಸುತ್ತಾರೆಂದು ಮೊಮ್ಮಗಳು ಹೇಳಿದ್ದಾಗ ನಾನದನ್ನು ಗಮನಿಸಿಯೇ ಇರಲಿಲ್ಲ. ಅವಳು ಮುಂದಿನ ಸಲವೂ ಹೋಗುತ್ತಾಳೆ. ನಾನು ಮುಂದಿನ ಸಲವೂ ಅಂಜುತ್ತೇನೆ.

ನಾನು ಮುಖ ಕಾಣದ ಆ ಜೊತೆಗಾತಿ ನೂರ್ಕಾಲ ಬಾಳಲಿ. ಗದರಿ ಕಲಿಸಿದ ಶಿಕ್ಷಕಿಗೂ, ಮೇಲೆ ಕಾದಿದ್ದ ದೋಣಿಯವರಿಗೂ, ಬಲೆ ಕಳೆದುಕೊಂಡ ಮೀನುಗಾರರಿಗೂ ಕ್ಷೇಮವಾಗಲಿ. ಆ ನೀರಿನ ಆಮೆಗಳಿಗೆ ಮೇಲೆದ್ದು ಉಸಿರಾಡುವ ದಾರಿ ತೆರೆದಿರಲಿ. ಇಳಿದವರೆಲ್ಲರೂ ಉಸಿರಾಡುತ್ತ ಮರಳಲಿ.