ಹನ್ನೊಂದನೆಯ ಜಾಗ

ಐಸ್‌ಕ್ರೀಮ್ ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದುದು ಅನುಮಾನದಕ್ಕ ಎಂದು. ಬೆನ್ನ ಹಿಂದೆ ಇಟ್ಟ ಹೆಸರು ಎರಡೇ ವರ್ಷದಲ್ಲಿ ಎದುರಿಗೇ ಬಂದು ನಿಂತಿತು. ಆಕೆಗೇನೂ ಬೇಸರವಾಗಲಿಲ್ಲ. ಅನುಮಾನ ಪಡುವುದಕ್ಕೇ ಸಂಬಳ ಕೊಡುವ ಕೆಲಸ ಎಷ್ಟು ಜನಕ್ಕೆ ಸಿಗುತ್ತದೆ? ಹತ್ತೊಂಬತ್ತು ವರ್ಷಗಳಿಂದ ದಿನಾ ಬೆಳಿಗ್ಗೆ, ಯಂತ್ರ ಶುರುವಾಗುವ ಮೊದಲು, ಹತ್ತಿ ಸುತ್ತಿದ ಕಡ್ಡಿಯಿಂದ ತನಗಷ್ಟೇ ಗೊತ್ತಿರಬೇಕಾದ ಹತ್ತು ಜಾಗಗಳಲ್ಲಿ ಒರೆಸಿ, ಅದನ್ನು ಬ್ಯಾಕ್ಟೀರಿಯಾ ಬೆಳೆಸುವ ಲ್ಯಾಬಿನ ಪ್ಲೇಟಿಗೆ ಸವರಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಎರಡು ದಿನ ಕಾಯುವಳು. ಹುಡುಕುತ್ತಿದ್ದುದು ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾವನ್ನು. ಆ ಪಾಪಿಗೆ ಚಳಿಯ ಭಯವಿಲ್ಲ, ಫ್ರಿಜ್ಜಿನಲ್ಲೂ ಹಾಯಾಗಿ ಬೆಳೆಯುತ್ತದೆ. ಬಸುರಿಯ ಮೈ ಸೇರಿದರೆ ಹೊಟ್ಟೆಯ ಕೂಸನ್ನೇ ಕೊಲ್ಲಬಲ್ಲದು. ಅದು ಇದ್ದಲ್ಲಿ ಪ್ಲೇಟಿನ ಮೇಲೆ ಕಪ್ಪು ಚುಕ್ಕೆ ಮೂಡುತ್ತದೆ.

ಮನೆಯಲ್ಲೂ ಹಾಗೇ. ತೊಳೆದಿಟ್ಟ ಪಾತ್ರೆಯ ಅಂಚಿಗೆ ಬೆರಳಾಡಿಸಿ ನೋಡದಿದ್ದರೆ ಸಮಾಧಾನವಿಲ್ಲ. “ನನ್ನನ್ನೂ ಒಂದ್ಸಲ ಕಡ್ಡೀಲಿ ಒರೆಸಿ ನೋಡ್ಬಿಡು” ಎಂದು ಗಂಡ ರೇಗಿಸುತ್ತಿದ್ದ. “ನಿಮ್ಮನ್ನ ಇಡೋವಷ್ಟು ದೊಡ್ಡ ಪ್ಲೇಟು ಎಲ್ಲಿಂದ ತರ್ಲಿ?” ಎನ್ನುತ್ತಿದ್ದಳು.

ಇಂಥವಳ ತಲೆಗೆ ಹುಳ ಬಿಟ್ಟದ್ದು ಒಂದು ಒಳ್ಳೆಯ ಸುದ್ದಿ. ಐದು ತಿಂಗಳಿಂದ ಒಂದೇ ಒಂದು ಚುಕ್ಕೆ ಕಂಡಿರಲಿಲ್ಲ. ಮೊದಲೆಲ್ಲ ತಿಂಗಳಿಗೊಂದಾದರೂ ಕಾಣಿಸಿ, ಬೈಸಿಕೊಂಡು, ತಿಕ್ಕಿಸಿಕೊಂಡು ಹೋಗುತ್ತಿತ್ತು. ಮ್ಯಾನೇಜರು ಖುಷಿಯಿಂದ ಉಬ್ಬಿಹೋಗಿ, ತೊಳೆಯುವ ತಂಡದ ಮುಂದಾಳನ್ನು ತಿಂಗಳ ಕೊನೆಗೆ ಖಾಯಂ ಮಾಡುವುದಾಗಿ ಎಲ್ಲರೆದುರು ಹೇಳಿಬಿಟ್ಟರು. ಆ ಮುಂದಾಳು ಬೇರೆ ಯಾರೂ ಅಲ್ಲ, ಅನುಮಾನದಕ್ಕನ ಒಡಹುಟ್ಟಿದ ತಂಗಿ. ಎಂಟು ವರ್ಷ ಹಂಗಾಮಿಯಾಗಿ ದುಡಿದವಳು, ರಜೆ ಹಾಕಿದರೆ ಎಲ್ಲಿ ನಾಳೆಯಿಂದ ಬರಬೇಡ ಅನ್ನುತ್ತಾರೋ ಎಂದು ಜ್ವರದಲ್ಲೂ ಬಂದು ನೆಲ ತಿಕ್ಕಿದವಳು. ಐದು ತಿಂಗಳ ಹಿಂದಷ್ಟೇ ಅವಳಿಗೆ ಈ ಜವಾಬ್ದಾರಿ ಸಿಕ್ಕಿತ್ತು.

ಅಕ್ಕನಾದವಳು ಹಿಗ್ಗಬೇಕಿತ್ತು. ಈಕೆ ನಿದ್ದೆಗೆಟ್ಟಳು.

ಮೊದಲು ಪ್ಲೇಟುಗಳ ಮೇಲೆ ಅನುಮಾನ ಬಂತು. ಅವೇ ಕೆಟ್ಟಿವೆಯೇನೋ ಎಂದು, ಲ್ಯಾಬಿನಲ್ಲಿದ್ದ ಲಿಸ್ಟೀರಿಯಾದ ಮಾದರಿಯನ್ನು ಬೇಕೆಂದೇ ಒಂದಕ್ಕೆ ಸವರಿಟ್ಟಳು. ಎರಡು ದಿನಕ್ಕೆ ಕರ್ರಗೆ ತುಂಬಿಕೊಂಡಿತು. ಆಮೇಲೆ ಲ್ಯಾಬಿನ ಸಹಾಯಕನ ಮೇಲೆ. ತಾನಿಲ್ಲದಾಗ ಪ್ಲೇಟು ಬದಲಿಸುತ್ತಾನೋ ಎಂದು ಪೆಟ್ಟಿಗೆಯ ಬಾಗಿಲಿಗೆ ತನ್ನದೊಂದು ತಲೆಗೂದಲು ಅಂಟಿಸಿ ಹೋದಳು. ಕೂದಲು ಅಲ್ಲೇ ಇತ್ತು. ಪಾಪ, ಆತ “ಮೇಡಂ, ನಿಮ್ಮ ಕೂದ್ಲು ಉದುರ್ತಿದೆ, ಡಾಕ್ಟರಿಗೆ ತೋರ್ಸಿ” ಎಂದ.

ಉಳಿದದ್ದು ಒಂದೇ ದಾರಿ. ಒಂದು ಬೆಳಿಗ್ಗೆ ಮುಕ್ಕಾಲು ಗಂಟೆ ಮುಂಚೆ ಬಂದು, ಐಸ್‌ಕ್ರೀಮ್ ಕಪ್ಪುಗಳ ರಟ್ಟಿನ ಪೆಟ್ಟಿಗೆಗಳ ಹಿಂದೆ ಕಳ್ಳಿಯಂತೆ ನಿಂತಳು. ತಂಡದವರು ಕೈ ಕೈ ಬದಲಿಸಿ ಪೈಪಿನಿಂದ ನೀರು ಹೊಡೆದರು. ಆಮೇಲೆ ತಂಗಿ ಬ್ರಷ್ಷು ಹಿಡಿದು ಬಂದಳು. ತೊಟ್ಟಿಯ ಮುಚ್ಚಳದ ಒಳಬದಿ, ಕಪ್ಪು ಸಾಗಿಸುವ ಬೆಲ್ಟಿನ ಎಡತುದಿ, ಎರಡನೇ ಮೇಜಿನ ಕಾಲು ಎಂದು ಉಜ್ಜಿದಳು, ಉಜ್ಜಿದಳು, ಕೈ ಸೋಲುವಷ್ಟು ಉಜ್ಜಿದಳು. ಅನುಮಾನದಕ್ಕ ಬೆರಳು ಮಡಚಿ ಎಣಿಸಿದಳು. ಸರಿಯಾಗಿ ಹತ್ತು ಜಾಗ. ಆಕೆ ದಿನಾ ಒರೆಸುವ ಅದೇ ಹತ್ತು. ಅವುಗಳ ಪಕ್ಕದ ಒಂದು ಗೇಣಿಗೂ ಬ್ರಷ್ಷು ತಾಗಲಿಲ್ಲ.

ಪೆಟ್ಟಿಗೆಗಳ ಹಿಂದಿನಿಂದ ಬಂದು ತಂಗಿಯ ರಟ್ಟೆ ಹಿಡಿದಳು. “ಯಾರು ಹೇಳಿದ್ರೇ ನಿಂಗೆ ಈ ಜಾಗಗಳನ್ನ?”

ತಂಗಿ ಕಣ್ಣು ಕಣ್ಣು ಬಿಟ್ಟಳು. “ನೀನೇ ಅಲ್ವೇನೇ ಅಕ್ಕಾ? ಇಲ್ಲಿ ಸೇರಿದ ಮೊದಲ್ನೇ ದಿನ ಕೈ ಹಿಡ್ಕೊಂಡು ತೋರಿಸಿದ್ದೆ. ಇಲ್ಲಿಲ್ಲಿ ಚೆನ್ನಾಗಿ ತಿಕ್ಕು, ನನ್ನ ಮರ್ಯಾದೆ ಕಳೀಬೇಡ ಅಂದಿದ್ದೆ. ಈಗ ನನ್ನ ಕೈಗೆ ತಂಡ ಬಂತು, ಎಲ್ಲರಿಗೂ ಅದನ್ನೇ ಹೇಳ್ಕೊಟ್ಟೆ.”

ಹೌದು, ಅನುಮಾನದಕ್ಕ ತೋರಿಸಿದ್ದಳು. ಜಗತ್ತಿನಲ್ಲಿ ಯಾರನ್ನೂ ನಂಬದವಳು ತಂಗಿಯ ಮೇಲಿನ ಪ್ರೀತಿಗೆ ಗುಟ್ಟು ಬಿಟ್ಟುಕೊಟ್ಟಿದ್ದಳು. ಐಸ್‌ಕ್ರೀಮನ್ನು ಕಪ್ಪಿಗೆ ತುಂಬುವ ಯಂತ್ರದ ಹತ್ತಿರ ಹೋಗಿ, ಎಂಟು ನಳಿಕೆಗಳಲ್ಲಿ ಒಂದನ್ನು ಬಿಚ್ಚಿ, ಅದರೊಳಗಿನ ರಬ್ಬರ್ ಉಂಗುರದ ಸಂದಿಗೆ, ಆ ಹತ್ತರಲ್ಲಿ ಸೇರದ ಹೊಸ ಜಾಗಕ್ಕೆ, ಕಡ್ಡಿ ತೂರಿಸಿ ಒರೆಸಿದಳು.

ಎರಡು ದಿನದ ನಂತರ ಆ ಪ್ಲೇಟಿನಲ್ಲಿ ಕಪ್ಪು ಚುಕ್ಕೆಗಳು ಎಣಿಸಲಾರದಷ್ಟಿದ್ದವು.

ಸುದ್ದಿ ಬರುವುದನ್ನೇ ಕಾಯುತ್ತಿದ್ದಂತೆ ತಂಗಿ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಪ್ಲೇಟು ನೋಡಿ ಬಣ್ಣಗೆಟ್ಟಳು. “ಅಕ್ಕಾ, ತಿಂಗಳು ಮುಗಿಯೋಕೆ ಇನ್ನು ನಾಲ್ಕೇ ದಿನ. ಆ ಉಂಗುರಾನ ನಾನು ಇವತ್ತೇ ಕುದಿಸಿ ತೊಳೀತೀನಿ. ಖಾಯಂ ಕಾಗದ ಸಹಿಯಾದ ಮೇಲೆ ರಿಪೋರ್ಟು ಬರಿ. ಯಾರಿಗೆ ಗೊತ್ತಾಗುತ್ತೆ?”

ಅನುಮಾನದಕ್ಕ ಒಪ್ಪಿಬಿಡುವುದರಲ್ಲಿದ್ದಳು. ಸುಳ್ಳೇಕೆ ಹೇಳಬೇಕು? ತಂಗಿಯ ಜ್ವರದ ಮುಖ ಕಣ್ಣ ಮುಂದೆ ಬಂದಿತ್ತು. ಆದರೆ ಹಿಂದೆಯೇ ಆ ನಳಿಕೆಯ ಕೆಳಗೆ ಸಾಲಾಗಿ ಬರುವ ಕಪ್ಪುಗಳೂ ಬಂದವು; ಮೂರು ದಿನದ ಮಾಲು ಗೋದಾಮಿನಲ್ಲೇ ಇತ್ತು, ಮರುದಿನ ಬೆಳಿಗ್ಗೆ ಅಂಗಡಿಗಳಿಗೆ ಹೊರಡುವುದಿತ್ತು. ಆಕೆ ರಿಪೋರ್ಟಿನ ಹಾಳೆ ಎಳೆದುಕೊಂಡಳು. ಕಾರಣ ಎಂಬಲ್ಲಿ, ಒರೆಸುವ ಜಾಗಗಳನ್ನು ಮೊದಲೇ ಹೇಳಿಕೊಟ್ಟವಳು ನಾನು, ಎಂದು ಬರೆದು ಸಹಿ ಹಾಕಿದಳು.

“ನಿನ್ನ ತಪ್ಪು ಅಂತ ಬರೆದ್ರೂ ಹೋಗೋದು ನನ್ನ ಕೆಲ್ಸಾನೇ” ಎಂದಳು ತಂಗಿ. “ಎಲ್ಲರ ಮೇಲೂ ಅನುಮಾನ ಪಡ್ತೀಯ, ನನ್ನನ್ನ ಮಾತ್ರ ನಂಬ್ತೀಯ ಅಂದ್ಕೊಂಡಿದ್ದೆ.”

“ನಂಬಿದ್ದಕ್ಕೇ ಕಣೇ ಹೀಗಾಗಿದ್ದು.”

ತಂಗಿ ಬಾಗಿಲು ಬಡಿದು ಹೋದಳು. ಅನುಮಾನದಕ್ಕ ಮ್ಯಾನೇಜರಿಗೆ ಫೋನು ಮಾಡಿ, ಯಂತ್ರ ನಿಲ್ಲಿಸಿ ಗೋದಾಮಿನ ಮಾಲು ತಡೆಯಲು ಹೇಳಿ, ಕುರ್ಚಿಯಲ್ಲಿ ಕುಸಿದು ಸೆರಗಿನಿಂದ ಮುಖ ಮುಚ್ಚಿ ಅತ್ತಳು.

ಅರ್ಧ ಗಂಟೆಯಾಗಿರಬೇಕು. ಬಾಗಿಲು ಮತ್ತೆ ತೆರೆಯಿತು. ತಂಗಿಯ ಕೈಗೆ ಗ್ಲೌಸಿತ್ತು, ಕಣ್ಣು ಊದಿದ್ದವು. ಉಳಿದ ಏಳು ನಳಿಕೆಗಳ ರಬ್ಬರ್ ಉಂಗುರಗಳನ್ನು ಬಿಚ್ಚಿ, ಬೇರೆ ಬೇರೆ ಚೀಲಗಳಲ್ಲಿ ಹಾಕಿ, ಒಂದೊಂದಕ್ಕೂ ನಂಬರು ಬರೆದು ತಂದಿದ್ದಳು.

“ಇವನ್ನೂ ಒರೆಸು” ಎಂದು ಮೇಜಿನ ಮೇಲಿಟ್ಟಳು. “ಬರೆಯೋದಾದ್ರೆ ಪೂರ್ತಿ ಬರಿ.”